ಹೆಬ್ಬೆಟ್ಟಿಗೊಬ್ಬ ಕೋಚ್

ಹೆಂಡತಿ ಚಾಂಪಿಯನ್ ಆಗುವುದರಲ್ಲಿ ನಂಜೇಶ್ ಮೇಷ್ಟರಿಗೆ ಯಾವ ಆಕ್ಷೇಪವೂ ಇರಲಿಲ್ಲ. ತಮ್ಮನ್ನು ಒಂದು ಮಾತೂ ಕೇಳದೆ ಆಗಿಬಿಡುತ್ತಾಳಲ್ಲ ಎಂಬುದಷ್ಟೇ ಸಂಕಟ. ಇಪ್ಪತ್ತೆರಡು ವರ್ಷದಿಂದ ನಂಜನಗೂಡಿನ ಹೈಸ್ಕೂಲೊಂದರಲ್ಲಿ ಪಿಟಿ ಮೇಷ್ಟರಾಗಿ, ಮಕ್ಕಳನ್ನು ಬಿಸಿಲಲ್ಲಿ ಓಡಿಸಿ, ತಾವು ಬೇವಿನ ಮರದ ನೆರಳಲ್ಲಿ ನಿಂತು ಕ್ರೀಡಾಲೋಕವನ್ನು ಉದ್ಧರಿಸಿದ ಮಹಾನುಭಾವರು ಅವರು. ಅಂಥವರ ಮನೆಯಲ್ಲೇ ಹೆಂಡತಿ ಕೋಮಲ, ಕುಕ್ಕರ್ ಮೂರು ಸಲ ಕೂಗುವುದರೊಳಗೆ ಮೊಬೈಲಿನಲ್ಲಿ ಎಂಟು ಜನರನ್ನು ಗುಂಡಿಟ್ಟು ಮಲಗಿಸುವುದನ್ನು ಕಲಿತು, ಮೂವರು ಕಾಲೇಜು ಹುಡುಗಿಯರ ಜೊತೆ 'ಕಪಿಲಾ ಕ್ವೀನ್ಸ್' ಎಂಬ ತಂಡ ಕಟ್ಟಿ, ಜಿಲ್ಲಾ ಇ-ಸ್ಪೋರ್ಟ್ಸ್ ಫೈನಲ್ ತಲುಪಿದ್ದಳು.

"ಕೂತ್ಕೊಂಡು ಆಡೋದೂ ಒಂದು ಸ್ಪೋರ್ಟ್ಸೇನೇ? ಒಂದು ತೊಟ್ಟು ಬೆವರಾದ್ರೂ ಬತ್ತದಾ?" ಎಂದರು ಮೇಷ್ಟರು.

"ನಿಮಗೆ ಬಂದಿದ್ದು ಯಾವಾಗ್ರೀ?" ಎಂದಳು ಕೋಮಲ, ಫೋನಿನಿಂದ ಕಣ್ಣೆತ್ತದೆ.

ಆದರೆ ಬೀದಿಯ ಕೊನೆಯ ಅಂಗಡಿ ಬಸವಣ್ಣ "ಮೇಷ್ಟ್ರೇ, ಮೇಡಮ್ಮೋರ್ಗೆ ನೀವೇ ಕೋಚಾ?" ಎಂದು ಕೇಳಿದ್ದೇ ತಡ, ಅವರಿಗೆ ಆ ಆಟದ ಮೇಲೆ ಅಪಾರ ಗೌರವ ಉಕ್ಕಿತು. "ಮತ್ತಿನ್ಯಾರು?" ಎಂದುಬಿಟ್ಟರು. (ಹೇಳಿದ ಮೇಲೆ ಆಗಲೇಬೇಕಲ್ಲ!)

ತರಬೇತಿ ಮರುದಿನವೇ ಶುರುವಾಯಿತು. ಬೆಳಿಗ್ಗೆ ಐದಕ್ಕೆ ಹೊಳೆ ದಂಡೆಯಲ್ಲಿ ಓಟ, ಮೆಟ್ಟಿಲ ಮೇಲೆ ಇಪ್ಪತ್ತು ಬಸ್ಕಿ.

"ನಾನು ಆಡೋದು ಹೆಬ್ಬೆಟ್ಟಲ್ಲಿ ಕಣ್ರೀ, ಮಂಡೀಲಲ್ಲ!"

ಮೇಷ್ಟರಿಗೆ ಜ್ಞಾನೋದಯವಾಯಿತು. ಇಷ್ಟು ದಿನ ಹೆಬ್ಬೆಟ್ಟು ಎಂದರೆ ಓದು ಬಾರದವರು. ಈಗ ಹೆಬ್ಬೆಟ್ಟಿಗೇ ಚಾಂಪಿಯನ್‌ಷಿಪ್! ಕೂಡಲೇ ತರಕಾರಿ ತಕ್ಕಡಿಯ ಅರ್ಧ ಕೆಜಿ ಬಟ್ಟುಗಳನ್ನು ಹೆಂಡತಿಯ ಎರಡೂ ಹೆಬ್ಬೆರಳಿಗೆ ಕಟ್ಟಿ, "ಎತ್ತು, ಇಳಿಸು" ಎಂದರು. ಬೆರಳು ಬದನೇಕಾಯಿಯಂತೆ ಊದಿಕೊಂಡು ಕೋಮಲ ಎರಡು ದಿನ ಫೋನ್ ಮುಟ್ಟಲಿಲ್ಲ.

"ಲೋ ನಂಜೇಸ, ನೀನು ಅವ್ಳ ಕಡೆ ಕೋಚೋ, ಎದುರಾಳಿ ಕಡೆಯೋನೋ?" ಎಂದು ಅವರ ತಾಯಿ ಪುಟ್ಟಬಸಮ್ಮ ಅರಿಶಿನ ಅರೆದು ಹಚ್ಚುತ್ತಾ ಕೇಳಿದರು.

ಫೈನಲ್ ನಡೆದದ್ದು ಟಿ. ನರಸೀಪುರದ ಕಲ್ಯಾಣಮಂಟಪದಲ್ಲಿ. ಒಟ್ಟು ಮೂರು ಸುತ್ತು. ಎರಡನೆಯ ಸುತ್ತಿನ ಹೊತ್ತಿಗೆ ಕಪಿಲಾ ಕ್ವೀನ್ಸ್ ಎಂಟು ಅಂಕ ಮುಂದಿತ್ತು. ಕೋಚ್ ಎಂಬ ಬ್ಯಾಡ್ಜ್ ಸಿಕ್ಕಿಸಿಕೊಂಡ ಮೇಷ್ಟರು ಗಂಭೀರವಾಗಿ ಅಡ್ಡಾಡುತ್ತಾ ಎದುರಾಳಿಗಳಾದ ಮೈಸೂರಿನ ತಂಡದ ಹಿಂದೆ ಹೋಗಿ, ಅವರ ಪರದೆಯನ್ನು ಇಣುಕಿ ನೋಡಿದರು.

"ಕೋಮಲಾ! ಬಾವಿ ಹಿಂದೆ ಇಬ್ರವ್ರೆ ಕಣೇ! ಹುಷಾರು!"

ರೆಫರಿ ಹುಡುಗ ಓಡಿ ಬಂದ. ಎದುರಾಳಿಯ ಗುಟ್ಟು ಹೇಳಿದ್ದಕ್ಕೆ ತಂಡಕ್ಕೆ ಹತ್ತು ಅಂಕ ಖೋತಾ, ಕೋಚ್ ಹೊರಕ್ಕೆ. ಇನ್ನೊಂದು ಸಲ ಬಾಯಿ ತೆರೆದರೆ ತಂಡವೇ ಹೊರಕ್ಕೆ. ಜೊತೆಯ ಹುಡುಗಿಯರಲ್ಲಿ ಒಬ್ಬಳಾದ ನಂದಿತಾ ಅಳತೊಡಗಿದಳು. ಕೋಮಲ ಗಂಡನನ್ನು ಒಮ್ಮೆ ನೋಡಿದಳು. ಬೈಯಲಿಲ್ಲ. ಮೇಷ್ಟರಿಗೆ ಭಯವಾಗಿದ್ದೇ ಅದಕ್ಕೆ.

"ಅಳಬ್ಯಾಡ ಕಣವ್ವ, ಕೊನೇ ಸುತ್ತು ಬಾಕಿ ಅದೆ. ಈಗ ನೋಡು, ಹೊರಗೋದ್ರಲ್ಲ, ನೆಮ್ಮದಿಯಾಗಿ ಆಡ್ಬೋದು," ಎಂದಳು.

ಹೊರಗೆ ಚಪ್ಪಲಿ ರಾಶಿಯ ಪಕ್ಕ ನಿಂತ ಮೇಷ್ಟರಿಗೆ ಅರ್ಧ ಗಂಟೆಯ ಮೇಲೆ ಒಳಗಿನಿಂದ ಶಿಳ್ಳೆ, ಚಪ್ಪಾಳೆ ಕೇಳಿಸಿತು. ಕಪಿಲಾ ಕ್ವೀನ್ಸ್ ಮೂರು ಅಂಕದಿಂದ ಗೆದ್ದಿತ್ತು. ಅವರು ಒಳಗೆ ನುಗ್ಗುವ ಹೊತ್ತಿಗೆ ಫೋಟೋ ಕೂಡ ಮುಗಿದಿತ್ತು.

ಕಥೆ ಅಲ್ಲಿಗೇ ನಿಂತಿದ್ದರೆ ಮೇಷ್ಟರು ಬದುಕಿಕೊಳ್ಳುತ್ತಿದ್ದರು. ಆದರೆ ಶಾಲೆಗಳಿಗೂ ಈ ಆಟ ಬರಬಹುದೆಂದು ತಾಲೂಕಿನ ಪಿಟಿ ಮೇಷ್ಟರುಗಳಿಗೆಲ್ಲ ಒಂದು ದಿನದ ತರಬೇತಿ ಕಡ್ಡಾಯವಾಯಿತು. ಸಂಪನ್ಮೂಲ ವ್ಯಕ್ತಿ: ಜಿಲ್ಲಾ ಚಾಂಪಿಯನ್ ಶ್ರೀಮತಿ ಕೋಮಲ.

ಹಾಜರಿ ಕರೆದಾಗ ನಂಜೇಶ್ ಎದ್ದು ನಿಂತು "ಎಸ್, ಮೇಡಂ" ಎಂದರು. ಅಭ್ಯಾಸ ಪಂದ್ಯದಲ್ಲಿ ಹನ್ನೊಂದನೆಯ ಸೆಕೆಂಡಿಗೆ, ತಾವೇ ಎಸೆದ ಬಾಂಬಿಗೆ ತಾವೇ ಬಲಿಯಾದರು. ಸಂಜೆ ಫೇಲಾದವರ ಪಟ್ಟಿ ಓದಿದಾಗ ಅದರಲ್ಲಿ ಇದ್ದದ್ದು ಒಂದೇ ಹೆಸರು.

ಮೇಷ್ಟರು ಮೇಜಿನ ಹತ್ತಿರ ಹೋಗಿ ಪಿಸುಗುಟ್ಟಿದರು: "ಲೇ, ನಾನು ನಿನ್ನ ಗಂಡ ಕಣೇ. ಮುಂದಿನ ಶನಿವಾರ ಮತ್ತೆ ಬಂದು ಕೂರಬೇಕಾ?"

"ಛೇ, ಬ್ಯಾಡ ಬಿಡಿ," ಎಂದಳು ಕೋಮಲ, ಮೈಕ್ ಆರಿಸುವುದನ್ನು ಮರೆತು (ಮರೆತಳೆಂದೇ ನಂಬೋಣ). "ನೀವು ಶನಿವಾರದ ತಂಕ ಕಾಯೋದೂ ಬ್ಯಾಡ. ಮನೇಲಿ ದಿನಾ ತಗೋತೀನಿ ಕ್ಲಾಸು."

ಮೂವತ್ತೊಂಬತ್ತು ಮಂದಿ ಪಿಟಿ ಮೇಷ್ಟರು ಎದ್ದು ನಿಂತು ಚಪ್ಪಾಳೆ ತಟ್ಟಿದರು.