ಕೈಚೀಲ ಹಿಡಿದು ವಿಶ್ರಾಂತಿ

ದುಡಿದು ಸುಸ್ತಾಗಿ ಬಿದ್ದವನಿಗೆ ನಮ್ಮಲ್ಲಿ ಮರ್ಯಾದೆ ಇದೆ. ಅವನ ಮನೆಗೆ ಎಳನೀರು ಬರುತ್ತದೆ, ಮೂಸಂಬಿ ಬರುತ್ತದೆ, "ಪಾಪ, ಎಷ್ಟು ಕಷ್ಟಪಡ್ತಾರೆ" ಎಂಬ ಮಾತೂ ಬರುತ್ತದೆ. ಆದರೆ ಹಾಗೆ ಬೀಳಬಾರದೆಂದು ಮೊದಲೇ ಎಚ್ಚರ ವಹಿಸಿ, ದಿನಾ ಒಂದಿಷ್ಟು ಹೊತ್ತು ಕೆಲಸ ಬದಿಗಿಟ್ಟು ಸುಮ್ಮನಿರುವವನಿಗೆ ಏನೂ ಬರುವುದಿಲ್ಲ. ಬಂದರೆ ಜನರ ಅನುಮಾನ ಬರುತ್ತದೆ. ನಾನು ಎರಡನ್ನೂ ಅನುಭವಿಸಿದವನು, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಸಾಮಾನ್ಯವಾಗಿ ಯಾವುದನ್ನೂ ಧೈರ್ಯವಾಗಿ ಹೇಳುವವನಲ್ಲ ನಾನು. ವಿಶ್ವವಿದ್ಯಾನಿಲಯದಲ್ಲಿ ಓದಿದ್ದರ ಫಲವಾಗಿ ನನಗೆ ಅಂಟಿಕೊಂಡದ್ದು ಒಂದೇ ಚಟ, ಎಲ್ಲವನ್ನೂ ಸಂಶಯಿಸುವುದು. ಪಂಚಾಂಗ, ಪತ್ರಿಕೆ, ಫೋನಿನಲ್ಲಿ ಬರುವ ಆರೋಗ್ಯ ಸಲಹೆ ಇವೆಲ್ಲವನ್ನೂ ಸಂಶಯಿಸಿ ಮುಗಿದ ಮೇಲೆ ಮಿಕ್ಕಿದ್ದು ನನ್ನ ನೆನಪಿನ ಶಕ್ತಿ. ಈಗ ಹೆಚ್ಚಾಗಿ ಅದನ್ನೇ ಸಂಶಯಿಸುತ್ತೇನೆ, ಅದೂ ತಕ್ಕಷ್ಟು ಆಧಾರ ಒದಗಿಸುತ್ತಿರುತ್ತದೆ.

ನಾನು ಬೇಲೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು. ಮನೆ ಹಳೇಬೀಡಿನಲ್ಲಿ. ಊರಿನ ಕೆರೆಗೆ ಹಿಂದಿನ ಕಾಲದಲ್ಲಿ ನೀರು ತರುತ್ತಿದ್ದ ಕಾಲುವೆಗಳ ಬಗ್ಗೆ ಪಿಎಚ್‌ಡಿಗೆ ಹೆಸರು ನೋಂದಾಯಿಸಿದಾಗ ನನ್ನ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಅವಳು ಪಿಯುಸಿಗೆ ಬಂದರೂ ಅಪ್ಪ ಕಾಲುವೆಯಿಂದ ಮೇಲೆ ಬಂದಿರಲಿಲ್ಲ. ಕೇಳಬಹುದಾದ ಗಡುವನ್ನೆಲ್ಲ ಕೇಳಿ ಪಡೆದಾಗಿತ್ತು. ನನ್ನ ಮಾರ್ಗದರ್ಶಕರು ನಿವೃತ್ತಿಯ ಹೊಸ್ತಿಲಲ್ಲಿದ್ದರು. "ನೋಡಪ್ಪಾ, ನಾನು ಕುರ್ಚಿ ಬಿಡೋದರೊಳಗೆ ನೀನು ಪ್ರಬಂಧ ಕೊಟ್ಟರೆ ಸರಿ, ಇಲ್ಲದಿದ್ದರೆ ನಿನ್ನ ನೋಂದಣಿ ರದ್ದು. ಇಷ್ಟು ವರ್ಷ ಮಾಡಿದ್ದೆಲ್ಲ ನೀರಿನಲ್ಲಿ ಹೋಮ" ಎಂದು ಫೋನಿನಲ್ಲಿ ಹೇಳಿದ್ದರು.

ಆಗ ನನ್ನ ಕೆಲಸದ ವಿಧಾನ ಸರಳವಾಗಿತ್ತು: ಕುರ್ಚಿಯಿಂದ ಏಳದಿರುವುದು. ಎದ್ದರೆ ತಲೆಯಲ್ಲಿರುವುದು ಮರೆತುಹೋಗುತ್ತದೆ ಎಂಬ ಹೆದರಿಕೆ. ಊಟಕ್ಕೆ ಕರೆದರೆ "ಈ ವಾಕ್ಯ ಮುಗಿಸಿ ಬಂದೆ" ಎನ್ನುತ್ತಿದ್ದೆ, ಆ ವಾಕ್ಯ ಮುಗಿಯುವಷ್ಟರಲ್ಲಿ ಮುದ್ದೆ ಕಲ್ಲಾಗಿರುತ್ತಿತ್ತು. ಒಮ್ಮೆ ಬಹಳ ಚೆಂದದ ಸಾಲೊಂದನ್ನು ಬರೆದೆ. ಬರೆದ ತಕ್ಷಣ, ಇಷ್ಟು ಚೆಂದದ್ದು ನನ್ನದಾಗಿರಲಿಕ್ಕಿಲ್ಲ, ಎಲ್ಲೋ ಓದಿರಬೇಕು ಎನ್ನಿಸಿತು. ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಭಾನುವಾರವಿಡೀ ಹುಡುಕಿದೆ. ಸಂಜೆಗೆ ಆ ಸಾಲು ಸಿಕ್ಕಿತು, ನನ್ನದೇ ಎರಡನೇ ಅಧ್ಯಾಯದಲ್ಲಿ.

ಇದರ ಪರಿಣಾಮ ಪರೀಕ್ಷಾ ಕೊಠಡಿಯಲ್ಲಿ ಕಂಡಿತು. ಮೇಲ್ವಿಚಾರಣೆಗೆಂದು ನಿಂತಿದ್ದವನು ನಿಂತಲ್ಲೇ ಕುಸಿದೆ. ವಿದ್ಯಾರ್ಥಿಗಳೇ ಎತ್ತಿ ಕೂರಿಸಿ ನೀರು ಕುಡಿಸಿದರು. ಆ ಗಲಾಟೆಯಲ್ಲಿ ಹಿಂದಿನ ಬೆಂಚಿನವರು ಒಬ್ಬರಿಗೊಬ್ಬರು ಎಷ್ಟು ನೆರವಾದರೋ ತಿಳಿಯದು, ಆ ಸಲ ಇತಿಹಾಸದ ಫಲಿತಾಂಶ ಬಹಳ ಚೆನ್ನಾಗಿ ಬಂತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಕಾಯಿಲೆ ಏನೂ ಇಲ್ಲ, ಬಿಡುವೂ ಇಲ್ಲ, ಅಷ್ಟೇ" ಎಂದರು. ನನ್ನ ಹೆಂಡತಿ ವಸಂತಾಳಿಗೆ ಅಷ್ಟು ಸಾಕಾಗಿತ್ತು. ಅವಳು ಅರಸೀಕೆರೆಯವಳು, ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಹೇಳಿದರೆ ಹೇಳಿದ ಹಾಗೇ ಮಾಡುವವಳು.

"ನೋಡ್ರೀ, ಇನ್ನೊಂದು ಸಲ ಹಿಂಗೆ ಬಿದ್ರೆ ನಿಮ್ಮ ಪುಸ್ತಕ ಎಲ್ಲಾ ಮೂಟೆ ಕಟ್ಟಿ ನಮ್ಮಣ್ಣನ ಮನೆ ಅಟ್ಟಕ್ಕೆ ಹಾಕಿಸ್ತೀನಿ. ಕೊಬ್ಬರಿ ಜೊತೆ ಅವೂ ಒಣಗ್ಲಿ."

"ಪಿಎಚ್‌ಡಿ ಗತಿ ಏನೇ?"

"ನೀವಿದ್ರೆ ತಾನೆ ಪಿಎಚ್‌ಡಿ."

ಅವಳು ವಿಧಿಸಿದ ಕಟ್ಟಳೆಗಳು ಕೇಳಲಿಕ್ಕೆ ಏನೂ ದೊಡ್ಡವಲ್ಲ. ಊಟದ ಮುಂದೆ ಪುಸ್ತಕ ಕೂಡದು. ಬೇಲೂರಿನ ಬಸ್ಸಿನಲ್ಲಿ ಓದದೆ ಕಿಟಕಿಯಾಚೆ ನೋಡಬೇಕು. ಕಾಲೇಜಿನಿಂದ ಬಂದವನು ಕಾಫಿ ಕುಡಿದು ಕೆರೆ ಏರಿಯ ಮೇಲೆ ನಡೆದು ಬರಬೇಕು, ಆಮೇಲೆ ಬರೆಯಬೇಕು. ಬರೆಯುವಾಗಲೂ, ಮುಂದಿನ ವಾಕ್ಯ ಏನೆಂದು ಗೊತ್ತಿರುವಾಗಲೇ ನಿಲ್ಲಿಸಿ ಏಳಬೇಕು. ಕೊನೆಯದು ನನಗೆ ಹಿಂಸೆ. ಗೊತ್ತಿರುವ ವಾಕ್ಯವನ್ನು ಬಿಟ್ಟು ಏಳುವುದೆಂದರೆ, ಬಾಗಿಲು ತೆರೆದಿಟ್ಟು ಊರಿಗೆ ಹೋದ ಹಾಗೆ. ಆದರೂ ಅಟ್ಟದ ಭಯಕ್ಕೆ ಒಪ್ಪಿದೆ.

ತೊಂದರೆ ಶುರುವಾದದ್ದು ನಡಿಗೆಯಿಂದ. ನಮ್ಮಂಥ ಊರಿನಲ್ಲಿ ಗಂಡಸು ಸಂಜೆ ಹೊತ್ತು ಕೈಬೀಸಿಕೊಂಡು ನಡೆದರೆ ಅದು ವ್ಯಾಯಾಮವಲ್ಲ, ಪ್ರಕಟಣೆ. ಮೊದಲ ದಿನವೇ ದೇವಸ್ಥಾನದ ಎದುರಿನ ಟೀ ಅಂಗಡಿ ಶಿವಣ್ಣ ಕೂಗಿ ಕೇಳಿದ. "ಏನ್ ಮೇಷ್ಟ್ರೇ, ಶುಗರ್ ಬಂತಾ?"

"ಇಲ್ಲಪ್ಪ."

"ಬಂದ್ರೆ ಮುಚ್ಚಿಡಬ್ಯಾಡಿ. ನಮ್ಮ ಭಾವಂಗೂ ಐತೆ. ಎಷ್ಟೈತೆ ನಿಮ್ಗೆ?"

"ಇಲ್ಲ ಕಣಯ್ಯ, ಸುಮ್ಮನೆ ವಾಕಿಂಗು."

"ಸುಮ್ಮನೆ ಯಾರ್ ನಡೀತಾರೆ ಬಿಡಿ!"

ಮಾರನೆಯ ದಿನ ನನ್ನ ಟೀಗೆ ಸಕ್ಕರೆ ಬೀಳಲಿಲ್ಲ. ಅದರ ಮರುದಿನ ಪಕ್ಕದ ಮನೆಯ ಕಮಲಮ್ಮನವರು ಬಾಗಿಲಿಗೇ ಬಂದು ಹಾಗಲಕಾಯಿ ಕೊಟ್ಟುಹೋದರು. ಏರಿಯ ಮೇಲೆ ಎದುರಾದವರೆಲ್ಲ ಒಬ್ಬೊಬ್ಬ ಡಾಕ್ಟರ ಹೆಸರು ಹೇಳಿದರು. ಮನಸ್ಸಿಗೆ ಬಿಡುವು ಕೊಡಲು ಹೋದವನು ಇಲ್ಲದ ಕಾಯಿಲೆಯ ಬಗ್ಗೆ ಉತ್ತರ ಕೊಟ್ಟು ಕೊಟ್ಟು ದಣಿದು ಮನೆ ಸೇರುತ್ತಿದ್ದೆ.

ಕೊನೆಗೆ ನಾನೇ ಒಂದು ಉಪಾಯ ಕಂಡುಹಿಡಿದೆ, ಅದಕ್ಕೆ ಈಗಲೂ ಹೆಮ್ಮೆಪಡುತ್ತೇನೆ. ಬಾಗಿಲ ಹಿಂದೆ ನೇತುಹಾಕಿದ್ದ ಬಟ್ಟೆಯ ಕೈಚೀಲ ಹಿಡಿದು ಹೊರಟೆ, ಖಾಲಿಯದು. ಒಬ್ಬರಾದರೂ ಕೇಳಬೇಕಲ್ಲ! ಚೀಲ ಹಿಡಿದವನಿಗೆ ಏನೋ ಕೆಲಸವಿದೆ, ಅವನು ಎಲ್ಲಿಗೋ ಹೋಗುತ್ತಿದ್ದಾನೆ, ಅವನು ಆರೋಗ್ಯವಾಗಿದ್ದಾನೆ. ಶಿವಣ್ಣ ಅಂದು ಟೀಗೆ ಸಕ್ಕರೆ ಹಾಕಿದ. ಹೀಗೆ ಒಂದು ವಾರ ನಾನು ಈ ತಾಲ್ಲೂಕಿನ ಅತ್ಯಂತ ಸುಖಿ ಮನುಷ್ಯನಾಗಿದ್ದೆ.

ಆದರೆ ಖಾಲಿ ಚೀಲವನ್ನು ನಮ್ಮ ಬೀದಿ ಹೆಚ್ಚು ದಿನ ಸಹಿಸಲಾರದು. "ಮೇಷ್ಟ್ರೇ, ಹೆಂಗೂ ಏರಿ ಕಡೆ ಹೊಂಟಿದೀರಿ, ನನ್ ಮಗಳ ಮನೆಗೆ ಈ ಕರಿಬೇವು ಕೊಟ್ಬಿಡಿ" ಎಂದು ಕಮಲಮ್ಮನವರು ಮೊದಲು ಮಾಡಿದರು. ಅವರಿಗೆ ಮಂಡಿ ನೋವು, ಮಗಳು ಏರಿಯ ಆಚೆ ಕೊನೆಯಲ್ಲಿದ್ದಾಳೆ, ಇಲ್ಲ ಎನ್ನುವುದು ಹೇಗೆ? ಬರುವಾಗ ಮಗಳು ಅಮ್ಮನಿಗೆ ಸೀಬೆಹಣ್ಣು ಕೊಟ್ಟಳು. ದಾರಿಯಲ್ಲಿ ಕಂಡವರು, ಹಾಗೇ ನಮ್ಮದೊಂದು ಮಾತ್ರೆ ಚೀಟಿ, ನಮ್ಮದೊಂದು ಚಪ್ಪಲಿ ರಿಪೇರಿ ಎಂದರು. ಕೆಲವೇ ದಿನಗಳಲ್ಲಿ ನನ್ನ ವಿಶ್ರಾಂತಿಗೆ ಹೋಗುವ ದಾರಿಯೂ ಬರುವ ದಾರಿಯೂ ತುಂಬಿಹೋದವು. ವಸಂತಾಳ ಬಳಿ ಗೋಳಾಡಿದೆ. "ನಡೀತಿದೀರಲ್ಲ, ನಿಮ್ಮ ಕೈಯಲ್ಲಿ ಪುಸ್ತಕ ಇಲ್ವಲ್ಲ, ನನಗಷ್ಟೇ ಬೇಕಾಗಿರೋದು" ಎಂದಳು.

ಹೀಗಿರುವಾಗ ಒಂದು ಸಂಜೆ ಕಮಲಮ್ಮನವರು ಸ್ಟೀಲ್ ಡಬ್ಬಿಯಲ್ಲಿ ಇಡ್ಲಿ ಹಿಟ್ಟು ಕೊಟ್ಟರು. ಮಗಳ ಮನೆಗೆ ಬೆಳಗ್ಗೆ ನೆಂಟರು ಬರುವವರಿದ್ದರು. ಅಂದು ನನ್ನ ಮೂರನೇ ಅಧ್ಯಾಯದ ಒಂದು ಕಾಲುವೆ ಯಾವ ಗುಡ್ಡದ ಹತ್ತಿರ ತಿರುಗುತ್ತದೆ ಎಂಬುದು ತಲೆಯಲ್ಲಿ ತಿರುಗುತ್ತಿತ್ತು. ಅದರ ಜೊತೆಗೇ ಏರಿಯ ಕೊನೆಯವರೆಗೆ ಹೋಗಿ, ಅದರ ಜೊತೆಗೇ ಹಿಂತಿರುಗಿದೆ. ಮನೆಯಲ್ಲಿ ಚೀಲ ಇಸಿದುಕೊಂಡ ವಸಂತಾ, "ಹಿಟ್ಟು ಯಾರು ಕೊಟ್ರು?" ಎಂದಳು. "ಕಮಲಮ್ಮನೋರು" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಬೆಳಗ್ಗೆ ಇಡ್ಲಿ ಹತ್ತಿಯಂತೆ ಬಂದಿದ್ದವು. ನಾನು ಮತ್ತೆರಡು ಹಾಕಿಸಿಕೊಳ್ಳುವ ಹೊತ್ತಿಗೆ ಕಮಲಮ್ಮನವರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

"ಮೇಷ್ಟ್ರೇ, ನಿನ್ನೆ ಹಿಟ್ಟು ಕೊಟ್ರಾ?"

"ಆಗಲೇ ಕೊಟ್ಟೆನಮ್ಮ." ಜೀವಮಾನದಲ್ಲಿ ನನ್ನ ನೆನಪನ್ನು ನಾನು ಪೂರ್ತಿಯಾಗಿ ನಂಬಿದ್ದು ಆ ಒಂದು ಸಲವೇ. ಡಬ್ಬಿಯನ್ನು ಮಗಳ ಕೈಗೆ ಕೊಟ್ಟದ್ದು, ಅವಳು ನಕ್ಕದ್ದು ಎಲ್ಲ ನನ್ನ ಕಣ್ಣ ಮುಂದಿತ್ತು.

ಅವರು ನನ್ನ ತಟ್ಟೆ ನೋಡಿದರು. ಒಲೆಯ ಪಕ್ಕ ತೊಳೆದು ಬೋರಲು ಹಾಕಿದ್ದ ತಮ್ಮ ಡಬ್ಬಿ ನೋಡಿದರು. "ಇಡ್ಲಿ ಹೆಂಗಾಗವೆ?" ಎಂದು ಕೇಳಿದರು.

"ಬಹಳ ಚೆನ್ನಾಗಿವೆ."

"ಆಗ್ದೆ ಇರ್ತವಾ? ಅಳಿಯನ ಕಡೇರು ಬತ್ತಾರೆ ಅಂತ ಒಳ್ಳೆ ಅಕ್ಕಿ ಹಾಕಿ ರುಬ್ಬಿದ್ದೆ. ಅಲ್ಲಿ ಅವ್ರಿಗೆ ಉಪ್ಪಿಟ್ಟು ಕೆದಕವ್ಳೆ ನನ್ ಮಗಳು!"

ವಸಂತಾ ಸೌಟು ಹಿಡಿದು ನಿಂತೇ ಇದ್ದಳು. ಕಮಲಮ್ಮನವರು ಮಾತ್ರ ಸೆರಗು ಬಾಯಿಗೆ ಇಟ್ಟುಕೊಂಡು ನಗತೊಡಗಿದರು. ನಗುತ್ತಲೇ ಹೋಗಿ ಇಡೀ ಬೀದಿಗೆ ಹೇಳಿದರು.

ಅಂದಿನಿಂದ ಪದ್ಧತಿ ಬದಲಾಯಿತು. ನನಗೆ ವಹಿಸುವ ಕೆಲಸವನ್ನು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳುವುದು, ದಾರಿಯುದ್ದಕ್ಕೂ ಜನ ನನಗೆ ಜ್ಞಾಪಿಸುವುದು. "ಮೇಷ್ಟ್ರೇ, ಔಷಧಿ ಅಂಗಡಿ ದಾಟ್ಬಿಟ್ರಿ!" "ಮೇಷ್ಟ್ರೇ, ಚೀಲದಾಗೆ ಕಮಲಮ್ಮನ ನುಗ್ಗೆಕಾಯಿ ಐತೆ!" ನನ್ನ ತಲೆಯ ಮೇಲಿದ್ದ ಭಾರವನ್ನು ಊರೇ ಎತ್ತಿಕೊಂಡಿತ್ತು. ಇದನ್ನು ಕಂಡು ನನಗೆ ಇನ್ನೊಂದು ಯೋಚನೆ ಬಂತು. ಬರವಣಿಗೆಯನ್ನು ಎಲ್ಲಿ ನಿಲ್ಲಿಸಿದ್ದೆನೆಂದು ಶಿವಣ್ಣನಿಗೆ ಹೇಳಿ ಬರತೊಡಗಿದೆ. ಅವನಿಗೆ ಇತಿಹಾಸದ ಗಂಧವಿಲ್ಲ, ಟಿವಿ ಧಾರಾವಾಹಿ ನೋಡಿ ಅಭ್ಯಾಸವಿತ್ತು. ಮರುದಿನ ಟೀ ಸೋಸುತ್ತ ಅವನೇ ಕೇಳುವನು. "ಆ ಕಾಲುವೆ ಬಂಡೆ ತಾವ ನಿಂತಿತ್ತಲ್ಲ ಮೇಷ್ಟ್ರೇ, ದಾಟ್ತಾ?"

"ಇವತ್ತು ದಾಟಿಸ್ತೀನಪ್ಪ."

"ಬೇಗ ದಾಟ್ಸಿ, ಎಷ್ಟ್ ದಿನ ಎಳೀತೀರಾ?"

ಮನೆಗೆ ಬಂದು ಕೂತರೆ ಬರವಣಿಗೆ ಸಲೀಸಾಗಿ ಸಾಗುತ್ತಿತ್ತು. ಎದ್ದು ಹೋದಾಗ ಬಿಟ್ಟ ವಿಚಾರ ಮೇಜಿನ ಮೇಲೆ ಕಾದೇ ಇರುತ್ತಿತ್ತು. ಅದು ನಾನು ಬಿಟ್ಟುಹೋದದ್ದೋ, ಅದರ ಜಾಗದಲ್ಲಿ ಬಂದು ಕೂತ ಬೇರೆಯದೋ ಹೇಳಲಾರೆ. ಹಳೆಯದು ಮರೆತವನಿಗೆ ಹೋಲಿಸಿ ನೋಡುವ ಅನುಕೂಲ ಇರುವುದಿಲ್ಲ. ಸ್ವಲ್ಪವೇ ಬರೆಯುತ್ತಿದ್ದೆ, ಆದರೆ ದಿನಾ ಬರೆಯುತ್ತಿದ್ದೆ. ಮುದ್ದೆಯನ್ನು ಬಿಸಿಯಿರುವಾಗಲೇ ಉಣ್ಣುತ್ತಿದ್ದೆ. ಕಾಲೇಜಿನಲ್ಲಿ ನಿಂತರೆ ನಿಂತೇ ಇರುತ್ತಿದ್ದೆ. ಇದರಲ್ಲಿ ನಡಿಗೆಯ ಪಾಲೆಷ್ಟು, ಬಿಸಿ ಮುದ್ದೆಯ ಪಾಲೆಷ್ಟು, ಅಟ್ಟದ ಭಯದ ಪಾಲೆಷ್ಟು ಎಂದು ವಿಂಗಡಿಸಲು ನನ್ನೊಳಗಿನ ಸಂಶಯವಾದಿ ಬಹಳ ಒದ್ದಾಡಿದ. "ಒಂದೊಂದೇ ಬಿಟ್ಟು ನೋಡಿದರೆ ಗೊತ್ತಾಗುತ್ತೆ" ಎಂದು ವಸಂತಾಳಿಗೆ ಹೇಳಿದೆ. "ಮೊದಲು ಪ್ರಬಂಧ ಕೊಡಿ, ಆಮೇಲೆ ಏನಾದ್ರೂ ಬಿಡಿ" ಎಂದಳು. ಗಣಿತದವರ ಹತ್ತಿರ ವಾದ ಮಾಡಬಾರದು.

ಕೊಟ್ಟೆ. ಮಾರ್ಗದರ್ಶಕರು ನಿವೃತ್ತರಾಗುವ ಮೊದಲೇ, ಎಲ್ಲೂ ಕುಸಿದು ಬೀಳದೆ, ಸ್ವಂತ ಕಾಲ ಮೇಲೆ ನಡೆದುಹೋಗಿ ಪ್ರಬಂಧ ಒಪ್ಪಿಸಿ ಬಂದೆ. ಕೆಲವು ತಿಂಗಳ ನಂತರ ಮೌಖಿಕ ಪರೀಕ್ಷೆಯೂ ಮುಗಿದು ಹೆಸರಿನ ಹಿಂದೆ ಡಾಕ್ಟರ್ ಬಂತು. ಬೀದಿಯಲ್ಲಿ ಯಾರೂ ನನ್ನನ್ನು ಅಭಿನಂದಿಸಲಿಲ್ಲ, ತಮ್ಮತಮ್ಮಲ್ಲೇ ಅಭಿನಂದಿಸಿಕೊಂಡರು. ಶಿವಣ್ಣ ಗಿರಾಕಿಗಳಿಗೆ "ನಮ್ದು ಪಿಎಚ್‌ಡಿ ಆಯ್ತು" ಎಂದು ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಮೂರು ದಿನ ನಾನು ಸಂಜೆ ಹೊರಗೆ ಹೋಗಲಿಲ್ಲ. ಕೆಲಸವೇ ಮುಗಿದ ಮೇಲೆ ಕೆಲಸಕ್ಕಾಗಿ ಮಾಡಿಕೊಂಡ ಅಭ್ಯಾಸ ಏಕೆ ಎಂಬುದು ನನ್ನ ತರ್ಕ. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದೆ. ಕಮಲಮ್ಮನವರು ಕುಂಟುತ್ತ ಬಂದರು.

"ಮೈ ಹುಷಾರಿಲ್ವಾ ಮೇಷ್ಟ್ರೇ?"

"ಚೆನ್ನಾಗಿದ್ದೀನಮ್ಮ. ಪಿಎಚ್‌ಡಿ ಮುಗೀತಲ್ಲ, ವಾಕಿಂಗ್ ನಿಲ್ಲಿಸಿದೆ."

"ಹಂಗಂದ್ರೆ ಹೆಂಗೆ? ಮಗಳಿಗೆ ಸೊಪ್ಪು ತಲುಪಿ ಮೂರು ದಿನ ಆಯ್ತು. ಇನ್ನೊಂದು ಪಿಎಚ್‌ಡಿ ಹಿಡೀರಿ."

ನಾನು ಜೋರಾಗಿ ನಕ್ಕೆ. ಒಳಗಿನಿಂದ ವಸಂತಾ ನಗದೆ, "ಅದನ್ನೇ ನಾನೂ ಅಂದ್ಕೊಂಡೆ ಕಮಲಮ್ಮ, ಮನೇಲಿ ಕೂತ್ರೆ ಇವ್ರು ದಿನಾ ಪಾತ್ರೆ ಡಬ್ಬ ಜೋಡಿಸೋಕೆ ಬರ್ತಾರೆ" ಎಂದಳು.

"ಈ ಸಲ ಕೆರೆ ಬ್ಯಾಡ, ಅದೆಲ್ಲಾ ಕೇಳಿ ಆಯ್ತು" ಎಂದರು ಕಮಲಮ್ಮನವರು, ಜಗಲಿಯ ಅಂಚಿನಲ್ಲಿ ಕೂತು ಮಂಡಿ ನೀವಿಕೊಳ್ಳುತ್ತ. "ಮಾದಿಹಳ್ಳಿ ಕಡೆ ಏನೂ ಇಲ್ವಾ ಹುಡುಕಕ್ಕೆ? ಅಲ್ಲಿ ನನ್ ತಂಗಿ ಮನೆ ಐತೆ."

ಮತ್ತೊಂದು ಸಂಶೋಧನೆಯ ಅಗತ್ಯ, ಅದರ ಉಪಯುಕ್ತತೆ, ನನ್ನ ವಯಸ್ಸು, ಈ ಬೀದಿಗೆ ನನ್ನ ಮೇಲಿರುವ ಅಧಿಕಾರ ಇವುಗಳ ಬಗ್ಗೆ ಯಾವ ಸಂಶಯವಾದಿಯಾದರೂ ಅಲ್ಲಿ ಹಲವು ಪ್ರಶ್ನೆಗಳನ್ನು ಎತ್ತಬಹುದಾಗಿತ್ತು. ನನ್ನ ಬಾಯಿಂದ ಬಂದದ್ದು ಒಂದೇ.

"ನಿಮ್ಮ ತಂಗಿ ಮನೆ ಬಸ್ ಸ್ಟಾಪಿಂದ ದೂರವಾ, ಅಮ್ಮ?"