ನಡೆದಾಡುವ ತಿಜೋರಿ

ತಾಪತ್ರಯ ಶುರುವಾದದ್ದು ಒಂದು ಪಾಸ್‌ವರ್ಡಿನಿಂದಲ್ಲ, ಆಫೀಸಿನವರೆಲ್ಲರ ಪಾಸ್‌ವರ್ಡುಗಳಿಂದ. ಅವಷ್ಟೂ ಒಂದೇ ತಲೆಯಲ್ಲಿದ್ದವು. ಆ ತಲೆ ನಮ್ಮ ನೆನಪಣ್ಣನದು.

ಅದು ಲಿಫ್ಟ್ ರಿಪೇರಿ ಮಾಡುವ ಕಂಪನಿ. ಊರಿನ ಅರ್ಧ ಕಟ್ಟಡಗಳ ವಿಳಾಸ, ಯಾವ ಮಹಡಿಯಲ್ಲಿ ಯಾರಿದ್ದಾರೆ, ಯಾವ ಗೇಟಿಗೆ ಯಾವ ಸಂಖ್ಯೆ ಒತ್ತಿದರೆ ಬಾಗಿಲು ತೆರೆಯುತ್ತದೆ ಎಂಬುದೆಲ್ಲ ಅದರ ಕಂಪ್ಯೂಟರಿನಲ್ಲಿತ್ತು. ಕಳ್ಳನಿಗೆ ಅದು ಸಿಕ್ಕಿದರೆ ಕನ್ನ ಕೊರೆಯುವ ಕಷ್ಟವೇ ಇಲ್ಲ, ಲಿಫ್ಟಿನಲ್ಲೇ ಹೋಗಿ ಕದ್ದು ಲಿಫ್ಟಿನಲ್ಲೇ ಇಳಿದು ಬರಬಹುದು. ಅಂಥದ್ದಕ್ಕೆ ಕಾವಲಾಗಿದ್ದ ಪಾಸ್‌ವರ್ಡುಗಳನ್ನು ಆ ಆಫೀಸಿನವರು ಕಾಪಾಡುತ್ತಿದ್ದ ಕ್ರಮವೇ ಬೇರೆ. ಹೊಸದು ಹಾಕಿದ ಕೂಡಲೇ ನೆನಪಣ್ಣನ ಕಿವಿಯಲ್ಲಿ ಹೇಳುವುದು, ಆಮೇಲೆ ನಿಶ್ಚಿಂತೆಯಿಂದ ಮರೆತುಬಿಡುವುದು.

ಇದ್ದದ್ದನ್ನು ಹೇಳಬೇಕು, ಅವನು ಅಂಥ ಮನುಷ್ಯನೇ. ಕಿವಿಗೆ ಬಿದ್ದದ್ದನ್ನು ಮರೆತವನಲ್ಲ, ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವನೂ ಅಲ್ಲ. “ನೀನು ನಮ್ಮ ನಡೆದಾಡುವ ತಿಜೋರಿ ಕಣಣ್ಣ” ಎಂದು ಬಿಲ್ಲಿಂಗ್ ಅಕ್ಕ ಹೊಗಳಿದರೆ ಉಬ್ಬಿಹೋಗುತ್ತಿದ್ದ. ಹೊಗಳುವವರಿದ್ದರೆ ಅವನಿಗೆ ಊಟವೂ ಬೇಕಿರಲಿಲ್ಲ.

ಆ ದಿನ ಮುಖ್ಯ ಕಚೇರಿಯಿಂದ ಪಾಸ್‌ವರ್ಡುಗಳ ಭದ್ರತೆಯ ತನಿಖೆ. ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ರೀ, ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಳ್ಳಿ. ತನಿಖೆ ಚೆನ್ನಾಗಿ ಮುಗಿದ್ರೆ ಹೆಡ್ ಕ್ಲರ್ಕ್ ಕುರ್ಚಿ ನಿಮಗೇ ಅಂತ ಮ್ಯಾನೇಜರ್ರೇ ಹೇಳಿದಾರಲ್ಲ. ನಾನು ನಮ್ಮಕ್ಕನಿಗೆ ಹೇಳಿದ್ದೂ ಆಯ್ತು.”

ಅವಳ ಅಕ್ಕನಿಗೆ ಹೇಳಿಯಾಯಿತೆಂದರೆ ಆ ಕುರ್ಚಿ ಸಿಗಲೇಬೇಕು, ಇಲ್ಲದಿದ್ದರೆ ಮನೆಯಲ್ಲಿ ಕೂರುವ ಕುರ್ಚಿಯೂ ಉಳಿಯುವುದಿಲ್ಲ. ನೆನಪಣ್ಣ ತಲೆಯಾಡಿಸಿ ಹೊರಟ.

ಮುಖ್ಯ ಕಚೇರಿಯ ಪರೀಕ್ಷಕಿ ನಗುವ ಪೈಕಿಯವರಲ್ಲ. ಬಂದವರೇ ಒಂದೊಂದು ಕೀಬೋರ್ಡನ್ನೂ ಎತ್ತಿ ನೋಡಿದರು. ಮೇಜಿನ ಖಾನೆ ಎಳೆದರು, ಕ್ಯಾಲೆಂಡರಿನ ಹಿಂದೆ ಇಣುಕಿದರು. ಎಲ್ಲೂ ಒಂದು ಚೀಟಿಯಿಲ್ಲ.

“ಪಾಸ್‌ವರ್ಡ್ ಬರೆದಿಟ್ಟುಕೊಳ್ಳದ ಆಫೀಸು ನಾನು ನೋಡಿದ್ದು ಇದೇ ಮೊದಲು” ಎಂದರು ಮೆಚ್ಚಿ. ಮ್ಯಾನೇಜರ್ ಎದೆ ಸೆಟೆಸಿದರು. ಪರೀಕ್ಷಕಿ ಮುಂದುವರಿಸಿದರು: “ಆದ್ರೂ ಈಗಲೇ ಎಲ್ಲರೂ ಹೊಸದು ಹಾಕಿ. ಯಾರಿಗೂ ಹೇಳಬಾರದು. ನಾನೂ ನಿಮ್ಮೆದುರೇ ನನ್ನದು ಬದಲಾಯಿಸ್ತೀನಿ.”

ಪ್ಲಗ್ ಇದ್ದದ್ದು ನೆನಪಣ್ಣನ ಮೇಜಿನ ಪಕ್ಕ. ಆಕೆ ಲ್ಯಾಪ್‌ಟಾಪನ್ನು ಅಲ್ಲೇ ಇಟ್ಟು, ಒಂದೊಂದು ಅಕ್ಷರವನ್ನೂ ತುಟಿಯಲ್ಲಿ ಹೇಳಿಕೊಳ್ಳುತ್ತ ಒತ್ತಿದರು. ನೆನಪಣ್ಣ ಮರ್ಯಾದೆಗೆ ಮುಖ ತಿರುಗಿಸಿದ. ಆದರೆ ಕಣ್ಣು ಒಮ್ಮೆ ಬಿದ್ದಾಗಿತ್ತು. ಬಿದ್ದದ್ದು ಒಳಗೆ ಹೋಗಿ ಕೂತಾಗಿತ್ತು.

ಚಹಾದ ಹೊತ್ತಿನಲ್ಲಿ ಆಫೀಸಿಗೆ ಆಫೀಸೇ ಹೊಸ ಪಾಸ್‌ವರ್ಡು ಪಿಸುಗುಟ್ಟುತ್ತ ಅವನ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಮರೆತಿದ್ದರು.

ಮೊದಲು ಬಂದದ್ದು ಬಿಲ್ಲಿಂಗ್ ಅಕ್ಕ. ಪರೀಕ್ಷಕಿ ಎದುರಿಗೇ ಕೂತು ವರದಿ ಬರೆಯುತ್ತಿದ್ದರು. ಅಕ್ಕ ಕೆಮ್ಮಿದಳು, ಕಣ್ಣು ಮಿಟುಕಿಸಿದಳು. ನೆನಪಣ್ಣ ಗಂಟಲು ಸರಿಮಾಡಿಕೊಂಡ.

“ನಮ್ಮನೇಲಿ ಬೆಳಿಗ್ಗೆ ಕುಕ್ಕರ್ ಕೂಗ್ತಕ್ಕ. ನಾಲ್ಕು ಸಲ.”

“ಒಂದರ ಹಿಂದೊಂದೋ, ಬಿಟ್ಟು ಬಿಟ್ಟೋ?”

“ಮಧ್ಯೆ ಜಾಗವೇ ಇಲ್ಲ.”

ಅಕ್ಕ ಓಡಿದಳು. ಪರೀಕ್ಷಕಿ ತಲೆಯೆತ್ತಿ ಅವನನ್ನೊಮ್ಮೆ ನೋಡಿ ಮತ್ತೆ ಬರೆಯತೊಡಗಿದರು.

ಅಷ್ಟರಲ್ಲಿ ಫೋನು. ಯಾವುದೋ ಕಟ್ಟಡದ ಕೆಳಗೆ ನಿಂತ ಮೆಕ್ಯಾನಿಕ್. “ಅಣ್ಣಾ, ಗೇಟಿನ ನಂಬರ್ ನೋಡೋಣ ಅಂದ್ರೆ ಮೊಬೈಲಲ್ಲಿ ಕಂಪನಿ ಆ್ಯಪ್ ತೆರೀತಿಲ್ಲ. ನನ್ನ ಪಾಸ್‌ವರ್ಡ್ ಬೇಗ ಹೇಳು.”

“ಹಳೇ ಸ್ಕೂಟರ್” ಎಂದ ನೆನಪಣ್ಣ. “ತೊಂಬತ್ತೆಂಟು.”

“ಸ್ಕೂಟರ್ ಮಾರಾಟಕ್ಕಿದೆಯಾ?” ಪರೀಕ್ಷಕಿ ಕೇಳಿದರು. “ನನ್ನ ತಮ್ಮನಿಗೆ ಒಂದು ಬೇಕಿತ್ತು.”

“ಅದು... ಓಡಲ್ಲ ಮೇಡಂ.”

“ರಿಪೇರಿ ಮಾಡಿಸ್ಕೋತಾನೆ.”

“ಚಕ್ರನೇ ಇಲ್ಲ ಮೇಡಂ” ಎಂದು ಬೆವರು ಒರೆಸಿಕೊಂಡ.

ಕೊನೆಗೆ ಮ್ಯಾನೇಜರ್ ಬಂದು ಸುಮ್ಮನೆ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತರು. ಅವರ ಪಾಸ್‌ವರ್ಡು ಯಾವಾಗಲೂ ತಮ್ಮ ತೂಕ. “ಎಂಬತ್ತಾರು ಸರ್. ಪೂರ್ತಿ ಕೆಜಿ, ಗ್ರಾಂ ಇಲ್ಲ” ಎಂದ. ಅವರು ಸಮಾಧಾನದಿಂದ ಮರಳಿದರು.

“ಎಷ್ಟು ಕಾಳಜಿ ನಿಮಗೆ” ಎಂದರು ಪರೀಕ್ಷಕಿ. “ಎಲ್ಲರೂ ಮನೆಯ ಕಷ್ಟಸುಖ ನಿಮ್ಮ ಹತ್ರಾನೇ ಹೇಳ್ಕೋತಾರೆ. ಇದನ್ನೂ ಬರೀತೀನಿ.”

ನೆನಪಣ್ಣನಿಗೆ ಹೆಡ್ ಕ್ಲರ್ಕ್ ಕುರ್ಚಿಯ ಮೆತ್ತೆ ಬೆನ್ನಿಗೆ ತಾಗಿದ ಹಾಗಾಯಿತು.

ಸಂಜೆ ಪರೀಕ್ಷಕಿ ವರದಿ ಓದಿಹೇಳಲು ಎಲ್ಲರನ್ನೂ ಕರೆದು ನಿಲ್ಲಿಸಿದರು. ಲ್ಯಾಪ್‌ಟಾಪ್ ಅಷ್ಟರಲ್ಲಿ ತಾನಾಗಿ ಲಾಕ್ ಆಗಿತ್ತು. ಆಕೆ ಮತ್ತೆ ತುಟಿಯಲ್ಲಿ ಹೇಳಿಕೊಳ್ಳುತ್ತ ಪಾಸ್‌ವರ್ಡ್ ಒತ್ತಿದರು. ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದರು. ಹಣೆಯಲ್ಲಿ ನೆರಿಗೆ ಮೂಡಿತು.

“ಇನ್ನೊಂದೇ ಸಲ ಬಾಕಿ” ಎಂದರು ಸಣ್ಣ ದನಿಯಲ್ಲಿ. “ತಪ್ಪಿದ್ರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ. ಆ ವ್ಯವಸ್ಥೆ ಮಾಡಿಸಿದ್ದೂ ನಾನೇ.”

ನೆನಪಣ್ಣ ಹೆಂಡತಿಯನ್ನು ನೆನೆದ, ಹೆಂಡತಿಯ ಅಕ್ಕನನ್ನೂ ನೆನೆದ, ತುಟಿ ಕಚ್ಚಿದ. ಆದರೆ ಇಡೀ ದಿನ ಗಟ್ಟಿಯಾಗಿದ್ದ ಆ ಹೆಂಗಸು ಕೀಬೋರ್ಡಿನಿಂದ ಬೆರಳು ಹಿಂದಕ್ಕೆಳೆದುಕೊಳ್ಳುವುದನ್ನು ಅವನಿಂದ ನೋಡಲಾಗಲಿಲ್ಲ.

“ಮುದ್ದುಗಿಣಿ ಸರಿಯಾಗೇ ಹಾಕಿದೀರಿ ಮೇಡಂ. ಆಮೇಲೆ ಐವತ್ತೇಳಲ್ಲ, ಎಪ್ಪತ್ತೈದು.”

ಹಾಗೇ ಒತ್ತಿದಾಗ ಲ್ಯಾಪ್‌ಟಾಪ್ ತೆರೆದುಕೊಂಡಿತು. ಆಕೆ ಅದನ್ನು ನೋಡಲಿಲ್ಲ, ಇವನನ್ನೇ ನೋಡಿದರು.

“ಇನ್ನೂ ಯಾರ್ಯಾರದು ಗೊತ್ತು ನಿಮಗೆ?”

ನೆನಪಣ್ಣನ ಕಿವಿಗೆ ಅದು ಹೊಗಳಿಕೆಯ ಹಾಗೆ ಕೇಳಿಸಿತು. “ಎಲ್ಲರದೂ ಮೇಡಂ. ಬೇಕಿದ್ರೆ ಕೇಳಿ ನೋಡಿ, ಒಂದಕ್ಷರ ತಪ್ಪಿರಲ್ಲ.”

“ಆ ಕುಕ್ಕರ್?”

“ಬಿಲ್ಲಿಂಗ್ ಅಕ್ಕಂದು.”

“ಚಕ್ರ ಇಲ್ಲದ ಸ್ಕೂಟರ್?”

“ಮೆಕ್ಯಾನಿಕ್‌ದು.”

ಮ್ಯಾನೇಜರ್ ಹೊಟ್ಟೆಯ ಮೇಲಿದ್ದ ಕೈಯನ್ನು ಹಣೆಯ ಮೇಲಿಟ್ಟುಕೊಂಡರು.

“ನಿಮ್ಮ ತಲೆಗೊಂದು ನಮಸ್ಕಾರ” ಎಂದರು ಪರೀಕ್ಷಕಿ. ನಿಜವಾಗಿಯೂ ಕೈಮುಗಿದರು. “ಇಂಥ ನೆನಪು ನಾನೆಲ್ಲೂ ಕಂಡಿಲ್ಲ. ಆದ್ರೆ ಇದನ್ನ ಕಂಪ್ಯೂಟರ್ ಇರೋ ಕಡೆ ಇಡೋ ಹಾಗಿಲ್ಲ.”

ವರದಿ ಹೋಯಿತು. ಬರೆದಿಟ್ಟ ಚೀಟಿ ಒಂದೂ ಸಿಗದ್ದರಿಂದ ಆಫೀಸು ಪಾಸು. ನೆನಪಣ್ಣ ನಾಳೆಯಿಂದ ಹಿಂದಿನ ಗೋದಾಮಿನಲ್ಲಿ, ಹಳೆಯ ಲಿಫ್ಟಿನ ಹಗ್ಗ ಗಾಲಿಗಳ ಜೊತೆ. ಹೆಡ್ ಕ್ಲರ್ಕ್ ಕುರ್ಚಿ ಬಿಲ್ಲಿಂಗ್ ಅಕ್ಕನಿಗೆ.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಹೆಂಡತಿ ಬಯ್ಯಲೂ ಇಲ್ಲ, ತಲೆಯ ಮೇಲೆ ಕೈಹೊತ್ತು ಕೂತಳು. “ನಮ್ಮಕ್ಕನಿಗೆ ಏನಂತ ಹೇಳ್ಲಿ” ಎಂದಳು. ಬಾಯಿ ಬಿಟ್ಟು ಕೆಟ್ಟೆ, ಇನ್ನು ಯಾರ ಗುಟ್ಟೂ ಬೇಡ ಎಂದು ಅವನು ಅವಳ ಎದುರಿಗೇ ಆಣೆ ಮಾಡಿದ.

ಅಷ್ಟರಲ್ಲಿ ಫೋನು ಬಂತು. ಪರೀಕ್ಷಕಿಯ ದನಿ.

“ನಿಮಗೆ ಗೊತ್ತಾದ ಮೇಲೆ ನನ್ನ ಪಾಸ್‌ವರ್ಡ್ ಬದಲಾಯಿಸಲೇಬೇಕಲ್ಲ. ಆದ್ರೆ ಹೊಸದು ಹಾಕೋಕೆ ಮೊದಲು ಹಳೇದು ಹಾಕು ಅಂತಿದೆ ಇದು. ಐವತ್ತೇಳೋ, ಎಪ್ಪತ್ತೈದೋ?”

“ಎಪ್ಪತ್ತೈದು ಮೇಡಂ.”

ಆ ಕಡೆ ಟಕಟಕ ಸದ್ದು. “ಹಾಂ, ಆಯ್ತು. ಹೊಸದು ಹಾಕಿದೆ.” ಆದರೆ ಫೋನ್ ಇಡಲಿಲ್ಲ. ದನಿ ತಗ್ಗಿಸಿದರು. “ನಿಮ್ಮ ಹತ್ರ ಯಾರೂ ಇಲ್ಲ ತಾನೇ? ಇದನ್ನೊಂದು ಚೂರು ನೆನಪಲ್ಲಿಟ್ಕೋತೀರಾ?”

ನೆನಪಣ್ಣ ಹೆಂಡತಿಗೆ ಬೆನ್ನು ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ, ಫೋನನ್ನು ಕಿವಿಗೆ ಒತ್ತಿಕೊಂಡ.

“ಹೇಳಿ ಮೇಡಂ” ಎಂದ.