ಗೇಟಿನ ಎದುರಿನ ಹೋಟೇಲು

ವ್ಯಾಪಾರಕ್ಕೆ ಕೂತವನಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಆಗುವ ಹೊತ್ತಿಗೆ ನಗು ಬರುವುದಿಲ್ಲ. ನಗುವ ಕೆಲಸವನ್ನು ಆಗ ಬೇರೆಯವರು ವಹಿಸಿಕೊಂಡಿರುತ್ತಾರೆ. ನನ್ನ ಸರದಿ ಈಗ ಬಂದಿದೆ. ಕಾಪು ಪೇಟೆಯಲ್ಲಿ, ಒಂದು ಕಾಲಕ್ಕೆ ನನ್ನದೇ ಆಗಿದ್ದ ಜಿನಸಿನ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು ಹೇಳುತ್ತಿದ್ದೇನೆ. ಅಂಗಡಿ ಕೊಂಡವನು ಒಳ್ಳೆಯ ಮನುಷ್ಯ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನನ್ನನ್ನು ಏಳಿ ಎನ್ನುವುದಿಲ್ಲ.

೧. ಮೊದಲು ಒಳಗೆ ಬಂದವಳು

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೊಂಬಾಯಿಯಲ್ಲಿದ್ದ ನನ್ನ ಭಾವ ರಜೆಗೆ ಊರಿಗೆ ಬಂದವನು ಒಂದು ಸುದ್ದಿ ತಂದ. ಉತ್ತರದಲ್ಲಿ, ಗಂಗೆಯ ದಂಡೆಯ ಒಂದು ಸಣ್ಣ ಊರಿನಲ್ಲಿ, ಕಲ್ಲೆಣ್ಣೆ ಶುದ್ಧಿ ಮಾಡುವ ದೊಡ್ಡ ಕಾರ್ಖಾನೆ ಏಳುತ್ತದಂತೆ.

"ಸಾವಿರಗಟ್ಟಲೆ ಜನ. ಎಲ್ಲರೂ ಒಂದೇ ಗೇಟಿನಿಂದ ಹೊರಗೆ ಬರಬೇಕು. ಆ ಗೇಟಿನ ಎದುರು ನಮ್ಮವರದ್ದೊಂದು ಹೋಟೇಲು ಇದ್ದರೆ ಎಂತ ಆದೀತು, ನೀನೇ ಯೋಚನೆ ಮಾಡು ಮಾರಾಯ" ಅಂದ.

ನಾನು ಯೋಚನೆ ಮಾಡಿದೆ. ಅಂಗಡಿ ಮಾರಿದೆ. ಕಾರ್ಕಳದ ಒಬ್ಬರು ಅಡುಗೆ ಭಟ್ರನ್ನು ಒಪ್ಪಿಸಿ ಜೊತೆಗೆ ಹೊರಡಿಸಿದೆ. ಗೇಟು ಬಂದರೆ ಬದುಕಿದೆ, ಬಾರದಿದ್ದರೆ ಹಿಂದೆ ಬಂದು ಕೂರುವುದಕ್ಕೆ ಅಂಗಡಿಯಿಲ್ಲ. ಇಷ್ಟು ಗೊತ್ತಿದ್ದೇ ಹೋದದ್ದು.

ಅಲ್ಲಿಯ ಜಮೀನ್ದಾರ ಜಾಗ ತೋರಿಸಿದ. "ಗೇಟು ಇಲ್ಲಿಗೇ ಬರುವುದು ಖಂಡಿತವೇ?" ಎಂದು ಕೇಳಿದೆ.

"ಸೇಠ್‌ಜಿ, ಇಂಜಿನಿಯರು ಹೊಡೆದ ಗೂಟ ಇಲ್ಲೇ ಇದೆ, ಕಣ್ಣಾರೆ ನೋಡಿ. ಗೇಟೂ ಬರುತ್ತದೆ, ಗಂಗಾಮಾಯಿಯೂ ಬರುತ್ತಾಳೆ" ಅಂದ.

ಆಶೀರ್ವಾದ ಮಾಡುತ್ತಿದ್ದಾನೆಂದು ತಿಳಿದು ಕೈಮುಗಿದೆ. ಜಾಗದ ವಿವರಣೆ ಕೊಡುತ್ತಿದ್ದ ಎಂಬುದು ಮಳೆಗಾಲದಲ್ಲಿ ತಿಳಿಯಿತು. ಗೇಟಿಗಿಂತ ಮೊದಲು ಗಂಗೆಯೇ ಬಂದಳು. ಎದುರು ಬಾಗಿಲಿನಿಂದಲೇ, ಮರ್ಯಾದಸ್ಥ ಗಿರಾಕಿಯ ಹಾಗೆ ಬಂದಳು. ಏನೂ ತಿನ್ನಲಿಲ್ಲ. ಹೋಗುವಾಗ ಬೆಂಚುಗಳನ್ನೂ ಬೋರ್ಡನ್ನೂ ತೆಗೆದುಕೊಂಡು ಹೋದಳು.

ಅಟ್ಟದ ಮೇಲೆ ಕಾಲು ಮಡಚಿ ಕೂತಿದ್ದ ಭಟ್ರು ಕೆಳಗಿನ ನೀರಿಗೆ ನಮಸ್ಕಾರ ಮಾಡಿದರು. "ಧಣಿಗಳೇ, ಗಂಗಾಸ್ನಾನ ಆಗಬೇಕೆಂದು ನಮ್ಮ ಅಮ್ಮ ಸಾಯುವವರೆಗೂ ಹೇಳುತ್ತಿದ್ದರು. ನಮಗೆ ನೋಡಿ, ಅಡುಗೆಮನೆಗೇ ಬಂತು."

೨. ಸೀಮೆಎಣ್ಣೆಯ ಡಬ್ಬ

ನೀರು ಇಳಿಯಿತು. ಹೊಸ ಬೆಂಚು ಮಾಡಿಸಿದೆ. ಕಾರ್ಖಾನೆ ಕಟ್ಟುವ ಕೂಲಿಯವರು ಗೂಟದ ಪಕ್ಕದ ದಾರಿಯಲ್ಲೇ ಓಡಾಡುತ್ತಿದ್ದರು. ನಮ್ಮ ಸಾಂಬಾರನ್ನು ಕೆಟ್ಟುಹೋದ ದಾಲ್ ಎಂದು ಬೈಯುತ್ತಾ ಉಣ್ಣುತ್ತಿದ್ದರು. ಬೈಯಲಿ, ಉಂಡರಲ್ಲ. ಕೆಲವು ವರ್ಷ ಹಾಗೇ ನಡೆಯಿತು. ಗೂಟ ಇದ್ದಲ್ಲಿ ಕಬ್ಬಿಣದ ಗೇಟು ನಿಂತಿತು. ಚಿಮಣಿಯ ತುದಿಯಲ್ಲಿ ಬೆಂಕಿ ಕಾಣಿಸಿತು, ಎಣ್ಣೆ ಇಳಿಯತೊಡಗಿತು.

ಎಣ್ಣೆ ತುಂಬಿದ ಗೂಡ್ಸ್ ಗಾಡಿ ನಮ್ಮ ಹಿತ್ತಲಿನ ಹಿಂದೆಯೇ ಹೋಗುತ್ತಿತ್ತು. ಆದರೆ ನಮ್ಮ ಲಾಟೀನಿಗೆ ಹಾಕಲು ಸೀಮೆಎಣ್ಣೆ ಇಡೀ ಊರಿನಲ್ಲಿ ಇಲ್ಲ. ಡಿಪೋದವನನ್ನು ಕೇಳಿದರೆ, "ಇಲ್ಲಿ ತಯಾರಾಗುವುದು ಮಾತ್ರ. ಸಿಗುವುದು ಬೇರೆ ಕಡೆ" ಅಂದ.

ಆ ವರ್ಷ ಕಾಪುವಿಗೆ ಬಂದಾಗ ಪಕ್ಕದ ಮನೆಯ ಹೆಂಗಸು ಅಂಗಳದಲ್ಲೇ ಹಿಡಿದು ಕೇಳಿದಳು: "ಎಣ್ಣೆಯ ಊರಿನಲ್ಲಿ ಇದ್ದೀರಿ, ನಮಗೆ ಒಂದು ಬಾಟ್ಲಿಯಾದರೂ ತರಬಹುದಿತ್ತು ಅಲ್ವಾ?" ನಮ್ಮ ಲಾಟೀನಿಗೇ ಎಣ್ಣೆಯಿಲ್ಲ ಎಂದು ಅವಳಿಗೆ ಹೇಳುವುದು ಹೇಗೆ? ಹೊರಡುವ ಮೊದಲು ಯಾರಿಗೂ ಕಾಣದ ಹಾಗೆ ಉಡುಪಿ ಪೇಟೆಗೆ ಹೋಗಿ ಒಂದು ಡಬ್ಬ ಸೀಮೆಎಣ್ಣೆ ಕೊಂಡು, ಹಾಸಿಗೆಯ ಒಳಗೆ ಸುತ್ತಿ, ಮಂಗಳೂರಿನಲ್ಲಿ ರೈಲು ಹತ್ತಿದೆ. ಆಗ ಉಡುಪಿಗೆ ರೈಲು ಎಲ್ಲಿಂದ?

ದಾರಿಯಲ್ಲಿ ಟಿಕೇಟು ನೋಡುವವನಿಗೆ ವಾಸನೆ ಬಡಿಯಿತು. ಹಾಸಿಗೆ ಬಿಚ್ಚಿಸಿದ. "ಇದನ್ನು ರೈಲಿನಲ್ಲಿ ಒಯ್ಯುವುದು ಅಪರಾಧ, ಗೊತ್ತುಂಟಾ? ಎಲ್ಲಿಗೆ ತೆಗೆದುಕೊಂಡು ಹೋಗುತ್ತಿದ್ದೀರಿ?"

ಊರಿನ ಹೆಸರು ಹೇಳಿದೆ. ಟಿಕೇಟನ್ನು ಒಮ್ಮೆ ನೋಡಿದ, ಡಬ್ಬವನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. ದಂಡ ಹಾಕಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಡಬ್ಬ ಇಳಿಸಿ, ಸ್ಟೇಷನ್ ಮಾಸ್ತರನ್ನೂ ಪೋರ್ಟರುಗಳನ್ನೂ ಕರೆದು ಕಿಟಕಿಯಿಂದ ನನ್ನನ್ನು ತೋರಿಸಿದ.

೩. ಸೈರನ್

ಡಬ್ಬ ಹೋಯಿತು. ಆದರೆ ಅದೇ ಹಾಸಿಗೆಯಲ್ಲಿದ್ದ ಗಟ್ಟಿ ಇಂಗು ಕ್ಷೇಮವಾಗಿ ತಲುಪಿತು. ಆ ಊರಿನಲ್ಲಿ ಸಿಗುವ ಇಂಗಿನ ಪುಡಿ ಹಾಕೀ ಹಾಕೀ ಭಟ್ರಿಗೆ ತಮ್ಮ ಕೈಯ ಮೇಲೇ ನಂಬಿಕೆ ಹೋಗಿತ್ತು. ಮರುದಿನ ಬೆಳಿಗ್ಗೆ ದೊಡ್ಡ ಬಾಣಲೆಯಲ್ಲಿ ತೆಂಗಿನೆಣ್ಣೆ ಕಾಯಿಸಿ, ಇಂಗನ್ನು ಕೈಬಿಚ್ಚಿ ಹಾಕಿದರು. ನದಿಯ ಕಡೆಯಿಂದ ಬೀಸುತ್ತಿದ್ದ ಗಾಳಿ ಆ ಒಗ್ಗರಣೆಯನ್ನು ನೇರವಾಗಿ ಗೇಟಿನೊಳಗೆ ಒಯ್ದಿತು.

ಸ್ವಲ್ಪ ಹೊತ್ತಿನಲ್ಲಿ ಕಾರ್ಖಾನೆಯ ಸೈರನ್ ಕೂಗಿತು. ಪಾಳಿಯವರೆಲ್ಲ ಗೇಟಿನಿಂದ ಹೊರಗೆ ಓಡಿಬಂದರು. ಅವರ ಹಿಂದೆ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡ ಸೇಫ್ಟಿ ಆಫೀಸರು. ಗ್ಯಾಸ್ ಎಲ್ಲಿ ಸೋರುತ್ತಿದೆ ಎಂದು ವಾಸನೆ ಹಿಡಿಯುತ್ತಾ ಹಿಡಿಯುತ್ತಾ ಸೀದಾ ನಮ್ಮ ಅಡುಗೆಮನೆಗೇ ಬಂದರು.

"ಇದು ಎಂಥ ಪದಾರ್ಥ?"

ಭಟ್ರು ಇಂಗಿನ ಗಟ್ಟಿಯನ್ನು ಅವರ ಮೂಗಿನ ಹತ್ತಿರ ಹಿಡಿದರು. ಆಫೀಸರ ಕಣ್ಣಲ್ಲಿ ನೀರು ಬಂತು. "ಇದನ್ನು ತಿನ್ನುತ್ತೀರಾ?"

"ನೀವು ಅಲ್ಲಿ ಕಾಯಿಸುವುದನ್ನು ತಿನ್ನುವುದಕ್ಕಾಗುತ್ತದಾ?" ಅಂದರು ಭಟ್ರು.

ಹೊರಗೆ ನಿಂತಿದ್ದವರು, ಹೇಗೂ ಓಡಿಬಂದಾಯಿತಲ್ಲ ಎಂದು ಒಳಗೆ ಬಂದು ಕೂತು ದೋಸೆ ತಿಂದರು. ಹೋಟೇಲು ಇಟ್ಟಮೇಲೆ ಅಷ್ಟು ಒಳ್ಳೆಯ ವ್ಯಾಪಾರ ಆದದ್ದು ಆ ಒಂದೇ ದಿನ. ಆಫೀಸರು ನಮ್ಮ ಅಡುಗೆಮನೆಯ ಗೋಡೆಯಿಂದ ಗೇಟಿನವರೆಗೆ ಹೆಜ್ಜೆ ಹಾಕಿ ಅಳತೆ ಮಾಡುತ್ತಿದ್ದದ್ದನ್ನು ಆ ಸಂತೋಷದಲ್ಲಿ ನಾನು ಗಮನಿಸಲಿಲ್ಲ.

೪. ಕಿಂಡಿ

ವಾರ ಕಳೆಯುವುದರೊಳಗೆ ನೋಟೀಸು ಬಂತು. ಕಾರ್ಖಾನೆಯ ಗೇಟಿಗೆ ಇಷ್ಟು ಹತ್ತಿರ ತೆರೆದ ಒಲೆ ಉರಿಯಕೂಡದು, ಕೂಡಲೇ ತೆಗೆಯಬೇಕು.

ಒಲೆಯಿಲ್ಲದ ಹೋಟೇಲು ಎಂತದ್ದು? ನಾನು ಬಿಡಲಿಲ್ಲ. ಪೇಟೆಯಲ್ಲಿ ಎಲ್ಲರೂ ಹೆದರುವ ವಕೀಲನನ್ನು ಹಿಡಿದೆ. ಗೇಟು ಬರುವ ಮೊದಲೇ ಒಲೆ ಇತ್ತು ಎನ್ನುವುದಕ್ಕೆ ಜಮೀನ್ದಾರನನ್ನು ಸಾಕ್ಷಿ ಮಾಡಿದೆ. ಸಾಕ್ಷಿ ಹೇಳಲು ಅವನು ಬಾಡಿಗೆ ಏರಿಸಿದ, ಏರಿಸಲಿ ಅಂದೆ. ಕೊನೆಗೆ ಗೆದ್ದೆ. ಒಲೆಯನ್ನು ಯಾರೂ ಮುಟ್ಟುವಂತಿಲ್ಲ ಎಂದು ತೀರ್ಪಾಯಿತು.

ಭಟ್ರು ಕುಂಬಳಕಾಯಿ ತುರಿದು ತುಪ್ಪ ಹಾಕಿ ಕಾಶಿ ಹಲ್ವ ಮಾಡಿದರು. ಊರಿಗೆಲ್ಲ ಹಂಚಿದೆ. ಸೇಫ್ಟಿ ಆಫೀಸರಿಗೂ ನಾನೇ ಒಯ್ದು ಕೊಟ್ಟೆ. ಸೋತವನ ಮುಖ ನೋಡುವ ಆಸೆಯೂ ಇತ್ತು ಅನ್ನಿ. ಅವರು ಪೂರ್ತಿ ತಿಂದು ಕೈ ಒರೆಸಿಕೊಂಡರು.

"ಬಹಳ ಚೆನ್ನಾಗಿದೆ ಸೇಠ್‌ಜಿ. ನಿಮ್ಮ ಒಲೆ ಅಲ್ಲೇ ಇರಲಿ. ಗೇಟನ್ನು ನಾವು ತೆಗೆಯುತ್ತೇವೆ."

ಎಣ್ಣೆ ಇಳಿಯುತ್ತಿದ್ದರೂ ಕಾರ್ಖಾನೆಯ ಉದ್ಘಾಟನೆ ಇನ್ನೂ ಆಗಿರಲಿಲ್ಲ. ಅದಕ್ಕೆ ದೊಡ್ಡವರು ಬರುವುದಿತ್ತು, ಆ ಗೇಟಿಗೆ ತೋರಣ ಕಟ್ಟಿಯಾಗಿತ್ತು. ಅವರ ಮೋಟಾರು ನಮ್ಮ ಹೋಟೇಲಿನ ಎದುರಿನಿಂದಲೇ ಒಳಗೆ ಹೋಯಿತು. ನಾನೂ ಭಟ್ರೂ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆವು. ಮಾರನೆಯ ದಿನ ಮೇಸ್ತ್ರಿಗಳು ಬಂದರು. ತೋರಣದ ಮಾವಿನ ಎಲೆ ಒಣಗುವ ಮೊದಲು ಗೇಟು ಇದ್ದಲ್ಲಿ ಇಟ್ಟಿಗೆ ಗೋಡೆ ಎದ್ದಿತು. ಹೊಸ ಗೇಟು ಕಾರ್ಖಾನೆಯ ಆಚೆ ಬದಿಗೆ. ಅದರ ಎದುರಿನ ಜಾಗವೂ ಅದೇ ಜಮೀನ್ದಾರನದ್ದು. ಅಲ್ಲಿ ಆಗಲೇ ಒಬ್ಬ ಪೂರಿ ಮಾರುತ್ತಿದ್ದ. ಕರಿಯುವ ಒಲೆ ಮಾತ್ರ ಗೇಟಿನಿಂದ ದೂರ, ಹಿತ್ತಲಾಚೆ. ಬುದ್ಧಿವಂತ.

ನಮ್ಮ ಎದುರಿನ ಗೋಡೆಯಲ್ಲಿ, ಕಾವಲುಗಾರ ಹೊರಗೆ ನೋಡಲೆಂದು, ಎರಡು ಇಟ್ಟಿಗೆಯಷ್ಟು ಜಾಗ ಬಿಟ್ಟಿದ್ದರು. ಒಂದು ದಿನ ಅದರಿಂದ ಒಂದು ಕೈ ಹೊರಗೆ ಬಂದು, "ಎರಡು ಇಡ್ಲಿ" ಅಂತು. ನಮ್ಮ ರುಚಿ ಹತ್ತಿದ ಯಾರೋ. ಮೆಲ್ಲಗೆ ಇನ್ನೂ ಕೆಲವು ಕೈ ಬಂದವು. ಭಟ್ರು ದೊನ್ನೆಯನ್ನು ಓರೆ ಮಾಡಿ ತೂರಿಸುತ್ತಿದ್ದರು.

"ಧಣಿಗಳೇ," ಅಂದರು ಒಂದು ದಿನ, "ಉಡುಪಿಯಲ್ಲಿ ಬಾಗಿಲು ಮುಚ್ಚಿದ್ದಕ್ಕೆ ದೇವರೇ ತಿರುಗಿ ಕಿಂಡಿಯ ಕಡೆ ನಿಂತ. ನಮ್ಮ ದೇವರು ಬೆನ್ನು ಹಾಕಿ ಆಚೆ ಬದಿಗೆ ಹೋದ. ಕಿಂಡಿ ಮಾತ್ರ ಬಿಟ್ಟಿದ್ದಾನೆ."

ಕಿಂಡಿಯಲ್ಲಿ ಹೋಟೇಲು ಬದುಕುವುದಿಲ್ಲ. ಪಾತ್ರೆಗಳನ್ನೆಲ್ಲ ಮಾರಿ ಊರಿಗೆ ಹೊರಡುವುದೆಂದು ತೀರ್ಮಾನಿಸಿದೆ. ಕೊನೆಯ ದಿನ ಭಟ್ರು ಸಾಂಬಾರಿಗೆ ಬಾಣಲೆ ಇಡುತ್ತಿದ್ದಾಗ ಕಿಂಡಿಯಿಂದ ಒಂದು ಕೈ ಬಂತು. ಇಸ್ತ್ರಿ ಮಾಡಿದ ತೋಳು, ಚಿನ್ನದ ಬಣ್ಣದ ವಾಚು. ನನ್ನ ಹಲ್ವ ತಿಂದು ಒರೆಸಿಕೊಂಡ ಕೈ. ನನಗೆ ಗುರುತು ಸಿಗದೆ ಇರುತ್ತದಾ?

"ಒಂದು ಮಸಾಲೆ ದೋಸೆ" ಅಂದರು ಸೇಫ್ಟಿ ಆಫೀಸರು, ಗೋಡೆಯ ಆಚೆಯಿಂದ, ಸ್ವರ ತಗ್ಗಿಸಿ. "ಸಾಂಬಾರು ಸ್ವಲ್ಪ ಜಾಸ್ತಿ. ಆ ಇಂಗು ಹಾಕುತ್ತೀರಲ್ಲ, ಅದು."

ಭಟ್ರು ನನ್ನ ಮುಖ ನೋಡಿದರು. ಇಂಗಿನ ಡಬ್ಬಿ ಅವರ ಕೈಯಲ್ಲೇ ಇತ್ತು, ಊರಿನಿಂದ ತಂದ ಗಟ್ಟಿ ಇನ್ನೂ ಅರ್ಧ ಉಳಿದಿತ್ತು. ಗಾಳಿ ನದಿಯ ಕಡೆಯಿಂದ ಬೀಸುತ್ತಿತ್ತು.

"ಇದ್ದದ್ದೆಲ್ಲ ಹಾಕಿ ಭಟ್ರೇ" ಅಂದೆ. "ಸೈರನ್ ಕೂಗಿದ ಮೇಲೆ ದೋಸೆ ಕೊಟ್ಟರೆ ಸಾಕು."